ಅರ್ಧ ತಿರುವು

೯ ಮಾರ್ಚ್ ೨೦೨೫, ರವಿವಾರ, ಸಂಜೆ

ಬರೆಯಬೇಕಂತೆ. ಪ್ರತಿ ಕ್ಲಾಸಿಗೂ. ಐದನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಇದೊಂದು ಶಿಕ್ಷೆ. ಕ್ಲಾಸು ನಡೆಸುವ ಹಾಲೇಶ ನೋಟ್‌ಬುಕ್ ಕೈಗೆ ಕೊಟ್ಟ. ಏನು ಕಲಿಸಿದಿರಿ, ಯಾರು ಬಂದರು, ಯಾರು ಏನು ಮಾಡಿದರು — ಎಲ್ಲ ಬರೆದಿಡಿ ಅಂದ. ಇಂಥ ಕ್ಲಾಸುಗಳಲ್ಲಿ ಇದೇ ಪದ್ಧತಿಯಂತೆ. ನಾನು ಕಲಿಯುವಾಗ ಅಪ್ಪ ಯಾವ ಪುಸ್ತಕವನ್ನೂ ಇಟ್ಟಿರಲಿಲ್ಲ. ತಪ್ಪಿದರೆ ತಲೆಗೆ ಒಂದು ಕೊಡುತ್ತಿದ್ದ. ಅದೇ ನೋಂದಣಿ.

ಸರಿ. ಬಂದವರು ಆರು ಜನ. ಎಲ್ಲರಿಗೂ ಬೇರೆ ಉದ್ಯೋಗ ಇದೆ. ಕಟ್ಟಿಗೆ ಕೆಲಸ ಖುಷಿಗೆ. 'ಹವ್ಯಾಸಿಗಳಿಗೆ ಮರಗೆಲಸ' ಅಂತ ಹಾಲೇಶ ಬೋರ್ಡು ಬರೆಸಿದ್ದಾನೆ. ಗಜೇಂದ್ರಗಡದಲ್ಲಿ ಅವನ ಅಪ್ಪನ ಮಗ್ಗದ ಶೆಡ್ಡು, ಮಗ್ಗ ನಿಂತು ಎಷ್ಟೋ ವರ್ಷವಾಯಿತು. ಅಲ್ಲಿ ಈಗ ನಾಲ್ಕು ಬೆಂಚು, ಎರಡು ಮೋಟರ್ ಲೇಥು, ಕಟ್ಟಿಗೆಯನ್ನು ತಿರುಗಿಸಿ ಉಳಿಯಿಂದ ಕಡೆಯುವ ಯಂತ್ರ. ನಾನು ನರೇಗಲ್ಲಿನಿಂದ ಬೆಳಗಿನ ಬಸ್ಸಿಗೆ ಹೋಗುವುದು, ಸಂಜೆ ಬರುವುದು.

ಇವತ್ತು ಕಲಿಸಿದ್ದು: ಉಳಿ ಹಿಡಿಯುವುದು. ಒಬ್ಬರಿಗೂ ಬರಲಿಲ್ಲ.

ಉಳಿಗೆ ನಡುಗದ ಕೈ ಪೆನ್ನಿಗೆ ನಡುಗುತ್ತದೆ. ಸಾಕು.

೧೬ ಮಾರ್ಚ್, ರವಿವಾರ

ನಾಲ್ಕು ಜನ ಬಂದರು. ಇಬ್ಬರಿಗೆ ಮೈ ನೋವಂತೆ.

ರಮಾಬಾಯಿ ಅಂತ ಒಬ್ಬರು. ನಮ್ಮ ನರೇಗಲ್ಲಿನವರೇ, ರಿಟೈರ್ ಆದ ಹೆಡ್‌ಮಾಸ್ತರಿಣಿ. ಲಟ್ಟಣಿಗೆ ಮಾಡಬೇಕಂತೆ. ಪೇಟೆಯಲ್ಲಿ ಸಿಗುತ್ತದಲ್ಲ ಅಂದೆ. ಪೇಟೆಯಲ್ಲಿ ಬೈಗಳೂ ಸಿಗುತ್ತವೆ, ಆದರೂ ನಿಮ್ಮ ಹತ್ತಿರ ಬಂದಿದ್ದೇನಲ್ಲ ಅಂದರು. ಹೆಣ್ಣುಮಗಳಿಗೆ ಬಾಯಿ ಜೋರು. ಕೈ ಪರವಾಗಿಲ್ಲ.

ಇನ್ನೊಬ್ಬ ದ್ಯಾಮೇಶ. ಊರು ಸವಡಿ, ಮನೆ ಮಾಡಿರುವುದು ರೋಣದಲ್ಲಿ. ಸರಕಾರಿ ಬಸ್ ಡ್ರೈವರು, ರೋಣ–ನರಗುಂದ ಗಾಡಿ. ನಲವತ್ತರ ಮೇಲೆ ಇರಬಹುದು. ವಾರಕ್ಕೊಂದು ರಜೆ, ಅದನ್ನೂ ತಂದು ಇಲ್ಲಿ ಹಾಕುತ್ತಾನೆ. ಯಾಕೋ ಅಂದೆ.

"ಆರು ದಿನ ತಿರುವತೀನ್ರಿ ಕಾಕಾ. ಎಲ್ಲಿಂದ ಹೊಂಟಿದ್ನೋ ಸಂಜೀಕ ಅಲ್ಲೇ ಬಂದಿರತೀನಿ. ಇಲ್ಲಿ ತಿರುವಿದ್ರ ಕಡೀಕ ಒಂದು ಸಾಮಾನರೆ ಕೈಗೆ ಬರತೈತಿ."

ಹಾಲೇಶ ಹುಬ್ಬಳ್ಳಿಯಿಂದ ಮುಖದ ಗಾಜು ತಂದಿದ್ದಾನೆ, ಕಣ್ಣಿಗೆ ಚಕ್ಕೆ ಸಿಡಿಯದ ಹಾಗೆ ಹಣೆಗೆ ಕಟ್ಟಿಕೊಳ್ಳುವುದು. ಎಲ್ಲರೂ ಕಟ್ಟಿಕೊಂಡು ನಿಂತರು. ಬಾಸಿಂಗ ಕಟ್ಟಿಕೊಂಡಿದ್ದೀರಿ, ಅಕ್ಕಿಕಾಳು ಯಾವಾಗ ಅಂದೆ. ನಕ್ಕರು. ಒಬ್ಬೊಬ್ಬರಾಗಿ ತೆಗೆದಿಟ್ಟರು. ರಮಾಬಾಯಿ ತೆಗೆಯಲಿಲ್ಲ.

೨೩ ಮಾರ್ಚ್, ರವಿವಾರ

ಹಾಲೇಶ ಪುಸ್ತಕ ಓದಿದ. ನಕ್ಕು ನಕ್ಕು ಸಾಕಾಯಿತು ಅವನಿಗೆ. ಇಂಥದ್ದಲ್ಲ ಅಜ್ಜಾ, ಹಾಜರಿ ಅಷ್ಟೇ ಬೇಕಿತ್ತು, ಅದನ್ನು ಕಂಪ್ಯೂಟರಿನಲ್ಲಿ ನಾನೇ ಮಾಡಿಕೊಳ್ಳುತ್ತೇನೆ, ಇದು ನಿಮ್ಮ ಹತ್ತಿರವೇ ಇರಲಿ ಅಂದ. ಇರಲಿ. ಇನ್ನು ಯಾರೂ ನೋಡುವುದಿಲ್ಲ. ಅಭ್ಯಾಸ ಆಗಿದೆ, ಬರೆಯುತ್ತೇನೆ.

ದ್ಯಾಮೇಶನಿಗೆ ಚೆನ್ನಾಗಿ ಬೈದೆ. ಲೇಥಿನಲ್ಲಿ ಕಟ್ಟಿಗೆಯನ್ನು ಎರಡು ಕಡೆ ಹಿಡಿಯಬೇಕು. ಮುಂದೆ ಮೋಟರಿನ ಹಲ್ಲು, ಹಿಂದೆ ಮೊಳೆ. ಆ ಹಿಂದಿನ ಮೊಳೆಯನ್ನು ಕೂರಿಸುವುದಕ್ಕೆ ಒಂದು ಹಿಡಿಕೆ ಇದೆ. ಬಲಕ್ಕೆ ತಿರುವಿದರೆ ಬಿಗಿ, ಎಡಕ್ಕೆ ಸಡಿಲ. ಇವನು ಮಾತು ಮಾತಿಗೆ ಹೋಗಿ ಹಿಡಿಕೆ ತಿರುವುತ್ತಾನೆ. ಚಹಾ ಕುಡಿದು ಬಂದ, ತಿರುವಿದ. ಒಂದು ಮಾತಾಡಿದ, ತಿರುವಿದ. ಬಸ್ಸು ಹತ್ತುವ ಮುಂಚೆ ಗಾಲಿಯ ನಟ್ಟು ನೋಡುವ ಚಟವಂತೆ. ಮೊಳೆ ಬೇವಿನೊಳಗೆ ಬೆರಳುದ್ದ ಇಳಿದು ಕಟ್ಟಿಗೆ ಸೀಳಿತು.

"ಒಮ್ಮಿ ಬಿಗಿ ಮಾಡಿದ್ದನ್ನ ಮತ್ತ ಮುಟ್ಟಬಾರದು," ಅಂದೆ. "ನಿನ್ನ ಕೈ ಮ್ಯಾಲ ನಿನಗ ನಂಬಿಕಿ ಇಲ್ಲೇನು?"

ತಲೆ ತಗ್ಗಿಸಿದ. ಸಂಜೆಯವರೆಗೆ ಮುಟ್ಟಲಿಲ್ಲ. ಹೇಳಿದ್ದು ಕೇಳುತ್ತಾನೆ. ಒಳ್ಳೆಯ ಹುಡುಗ ಅನ್ನುವ ವಯಸ್ಸಲ್ಲ, ಆದರೂ.

೨೮ ಮಾರ್ಚ್, ಶುಕ್ರವಾರ

ನಾಳೆ ಅಮಾವಾಸ್ಯೆ. ಮಧ್ಯಾಹ್ನ ಗಜೇಂದ್ರಗಡಕ್ಕೆ ಹೋಗಿ ಬಂದೆ, ಅದಕ್ಕಂತಲೇ. ಶೆಡ್ಡಿನ ಒಂದು ಕೀಲಿ ನನ್ನ ಹತ್ತಿರ ಇದೆ.

ನಮ್ಮ ಮನೆತನದಲ್ಲಿ ಅಮಾವಾಸ್ಯೆ ದಿನ ಉಳಿ ಮುಟ್ಟುವುದಿಲ್ಲ. ಅಷ್ಟೇ ಅಲ್ಲ. ಹಿಂದಿನ ದಿನವೇ ಎಲ್ಲಕ್ಕೂ ಉಸಿರು ಕೊಡಬೇಕು. ಗರಗಸದ ಹುರಿ ಬಿಚ್ಚುವುದು, ಕಟ್ಟಿಗೆ ಹೆರೆಯುವ ಹತ್ತರಿಯ ಬೆಣೆ ಸಡಿಲಿಸುವುದು, ತಿರುಪು ಇದ್ದಲ್ಲಿ ಅರ್ಧ ತಿರುವು ಹಿಂದಕ್ಕೆ. ತಿಂಗಳೆಲ್ಲ ಹಲ್ಲು ಕಚ್ಚಿಕೊಂಡು ಇರುವ ಸಾಮಾನು, ಒಂದು ದಿನ ಉಸಿರು ಬಿಡಲಿ ಅಂತ ಅಪ್ಪ ಹೇಳುತ್ತಿದ್ದ. ಮರುದಿನ ಬೆಳಿಗ್ಗೆ ಒಂದು ಹನಿ ಎಣ್ಣೆ ಬಿಟ್ಟು ಮತ್ತೆ ಬಿಗಿ ಮಾಡುವುದು. ನಾನು ಹದಿಮೂರನೆಯ ವಯಸ್ಸಿನಿಂದ ಒಂದು ಅಮಾವಾಸ್ಯೆ ತಪ್ಪಿಸಿಲ್ಲ. ಮೋಟರ್ ಲೇಥಿಗೂ ಕೊಟ್ಟೆ.

ಮನೆಗೆ ಬಂದ ಮೇಲೆ ಕರೆವ್ವ ಕೇಳಿದಳು, ಎಲ್ಲಿಗೆ ಹೋಗಿದ್ದಿರಿ ಅಂತ. ಹೇಳಿದೆ.

"ಅದಕ್ಕ ಮೂಗ ಎಲ್ಲೈತ್ರಿ?" ಅಂದಳು.

ನಲವತ್ತೊಂಬತ್ತು ವರ್ಷ ಸಂಸಾರ ಮಾಡಿದ್ದೇನೆ ಇವಳ ಜೊತೆ.

೩೧ ಮಾರ್ಚ್, ಸೋಮವಾರ

ನಿನ್ನೆ ಯುಗಾದಿ, ಕ್ಲಾಸಿರಲಿಲ್ಲ. ಇವತ್ತು ಹೋಗಿ ಎಣ್ಣೆ ಬಿಟ್ಟು ಬಿಗಿ ಮಾಡಿ ಬಂದೆ.

೧೩ ಏಪ್ರಿಲ್, ರವಿವಾರ

ಬಿಸಿಲು. ತಗಡಿನ ಕೆಳಗೆ ರೊಟ್ಟಿ ಬೇಯಿಸಬಹುದು. ಐದು ಜನ.

ಬಸವ ಜಯಂತಿಗೆ, ಮೂವತ್ತನೇ ತಾರೀಖು, ಪ್ರದರ್ಶನ ಇಡುತ್ತಾನಂತೆ ಹಾಲೇಶ. ಎಲ್ಲರೂ ಒಂದೊಂದು ಸಾಮಾನು ಮುಗಿಸಬೇಕು. ರಮಾಬಾಯಿಯ ಲಟ್ಟಣಿಗೆ ಆಗಿದೆ, ನಡು ಸ್ವಲ್ಪ ದಪ್ಪ. ಮಾಡಿದವರ ಹಾಗೆಯೇ ಅಂದೆ. ಅವರು ಅದನ್ನು ಕೈಯಲ್ಲಿ ತೂಗಿ ನೋಡಿ, ನಿಮ್ಮ ತಲೆಗೆ ಸರಿ ಹೊಂದುತ್ತದೆ ಅಂದರು.

ದ್ಯಾಮೇಶ ದೀಪದ ಕಂಬ ಮಾಡುತ್ತಾನಂತೆ. ಬೇವು, ಮೊಳದುದ್ದ, ತೊಡೆ ದಪ್ಪ. ದೊಡ್ಡದಾಯಿತು ಅಂದೆ. ಆಗಲಿ ಬಿಡಿ ಅಂದ. ನಾನೂ ಬೇಡ ಅನ್ನಲಿಲ್ಲ. ಕೈ ಕೂತಿದೆ ಅವನದು. ಇಷ್ಟು ಬೇಗ ಕೈ ಕೂತವರನ್ನು ನಾನು ಹೆಚ್ಚು ಜನ ನೋಡಿಲ್ಲ. ಅವನಿಗೆ ಹೇಳಲಿಲ್ಲ.

೨೦ ಏಪ್ರಿಲ್, ರವಿವಾರ

ದ್ಯಾಮೇಶ ಕಂಬದ ಸೆಂಟರ್ ಹಿಡಿಯುವುದಕ್ಕೇ ಅರ್ಧ ದಿನ ಕಳೆದ. ಒಂದು ನೂಲು ಆಚೆ ಈಚೆ ಆದರೂ ಕುಣಿಯುತ್ತದೆ. ತೆಗೆದ, ಹಾಕಿದ, ತೆಗೆದ, ಹಾಕಿದ. ಮೂರು ಗಂಟೆಗೆ ಕೂತಿತು. ಹಿಡಿಕೆ ಬಲಕ್ಕೆ ತಿರುವಿ ಕೈ ಎತ್ತಿದ. ಮತ್ತೆ ಮುಟ್ಟಲಿಲ್ಲ. ನನ್ನ ಕಡೆ ನೋಡಿದ. ಗೋಣು ಹಾಕಿದೆ. ಮೇಲಿನ ಎರಡು ಗುಂಡು ಇವತ್ತು ಬಂದವು. ಕೆಳಗಿನದು ಉಳಿಯಿತು. ಹಾಗೇ ಲೇಥಿನ ಮೇಲೆ ಬಿಟ್ಟು ಹೋಗು ಅಂದೆ.

ಮುಂದಿನ ರವಿವಾರ ಅಮಾವಾಸ್ಯೆ. ನಾನು ಬರುವುದಿಲ್ಲ, ಕ್ಲಾಸು ಬೇಡ ಅಂದೆ. ಹಾಲೇಶ ಮುಖ ಸಣ್ಣದು ಮಾಡಿದ. ಪ್ರದರ್ಶನಕ್ಕೆ ಮೂರೇ ದಿನ ಉಳಿಯುತ್ತದಂತೆ. ಅಮಾವಾಸ್ಯೆ ನಿನ್ನ ಪ್ರದರ್ಶನ ನೋಡಿ ಬರುವುದಿಲ್ಲ ಅಂದೆ. "ನೋಡೂಣು ಬಿಡ್ರಿ," ಅಂದ. ಅಂದರೆ ಆಯಿತು ಅಂತ.

೨೬ ಏಪ್ರಿಲ್, ಶನಿವಾರ, ಮಧ್ಯಾಹ್ನ

ಗಜೇಂದ್ರಗಡದಿಂದ ಈಗ ಬಂದೆ. ಉಸಿರು ಕೊಟ್ಟು ಬಂದೆ. ದೊಡ್ಡ ಲೇಥಿನ ಮೇಲೆ ದ್ಯಾಮೇಶನ ಕಂಬ ಕೂತಿದೆ. ಸಾಮಾನಿನ ಮೇಲೆ ಏನೂ ಇರಬಾರದು, ಕಟ್ಟಿಗೆ ಇಳಿಸಿಯೇ ಉಸಿರು ಕೊಡಬೇಕು, ಅದು ಕ್ರಮ. ಇಳಿಸಲು ಕೈ ಹಾಕಿದೆ. ಇಳಿಸಿದರೆ ಸೆಂಟರ್ ಹೋಗುತ್ತದೆ. ಪಾಪ, ಅರ್ಧ ದಿನ ಗುದ್ದಾಡಿದ್ದಾನೆ. ಬಿಟ್ಟೆ. ಹಿಡಿಕೆ ಮಾತ್ರ ಅರ್ಧ ತಿರುವು ಎಡಕ್ಕೆ. ಕಂಬ ಇದ್ದಲ್ಲೇ ಇತ್ತು, ನೋಡಿದರೆ ಗೊತ್ತಾಗುವುದಿಲ್ಲ.

೨೭ ಏಪ್ರಿಲ್, ರವಿವಾರ, ಅಮಾವಾಸ್ಯೆ

ಸಂಜೆ ಐದು ಗಂಟೆಗೆ ರಮಾಬಾಯಿಯ ಫೋನು. ಹಾಲೇಶ ಶೆಡ್ಡು ತೆಗೆದಿದ್ದನಂತೆ. ಇವರು, ದ್ಯಾಮೇಶ, ಇಬ್ಬರೇ ಹೋಗಿದ್ದರಂತೆ. ಲೇಥು ಶುರು ಮಾಡಿ ಸ್ವಲ್ಪ ಹೊತ್ತು ಸರಿ ಇತ್ತಂತೆ. ಉಳಿ ಒತ್ತಿದ ಕೂಡಲೇ ಕಂಬ ಎದ್ದು ದ್ಯಾಮೇಶನ ಮುಖಕ್ಕೆ ಬಡಿಯಿತಂತೆ. ಎಡಗಣ್ಣು. ಗದಗಿಗೆ ಒಯ್ದರು, ಅಲ್ಲಿಂದ ಹುಬ್ಬಳ್ಳಿಗೆ.

ನನ್ನ ಬಾಯಿಂದ ಬಂದದ್ದು ಬರೆಯುತ್ತೇನೆ. "ಅಮಾಸಿ ದಿನ ಮುಟ್ಟಬ್ಯಾಡ್ರಿ ಅಂತ ಬಡಕೊಂಡಿದ್ದೆ."

ರಮಾಬಾಯಿ ಫೋನ್ ಇಟ್ಟರು.

೨೮ ಏಪ್ರಿಲ್, ಸೋಮವಾರ

ಬೆಳಗಿನ ಬಸ್ಸಿಗೆ ಹೋದೆ. ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಹೊಟ್ಟಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಇರುವೆ ಹತ್ತಿದ್ದವು. ಕಂಬ ಗೋಡೆಯ ಹತ್ತಿರ. ಒಂದು ಗುಂಡು ಒಡೆದಿತ್ತು.

ಎಣ್ಣೆ ಬಾಟಲಿ ತಗೊಂಡೆ. ದೊಡ್ಡ ಲೇಥಿನ ಹಿಡಿಕೆಗೆ ಒಂದು ಹನಿ ಬಿಟ್ಟೆ. ಬಲಕ್ಕೆ ಅರ್ಧ ತಿರುವು. ಬಿಗಿ. ಐವತ್ತೆಂಟು ವರ್ಷ ಮಾಡಿದ ಕೆಲಸ, ತಲೆ ಬೇಕಾಗಿಲ್ಲ ಅದಕ್ಕೆ. ಆಮೇಲೆ ಸಣ್ಣ ಲೇಥು. ಅದರ ಹಿಡಿಕೆ ಮುಟ್ಟಿದೆ. ಸಡಿಲ ಇತ್ತು. ನಾನು ಬಿಟ್ಟ ಹಾಗೆಯೇ, ಅರ್ಧ ತಿರುವು.

ಅಲ್ಲಿ ತಿಳಿಯಿತು.

ಅಲ್ಲೇ ಕೂತೆ. ದೊಡ್ಡದರ ಹಿಡಿಕೆ ಮತ್ತೆ ಎಡಕ್ಕೆ ತಿರುವಿ ಇಡಲೇ ಅಂತ ಕೈ ಹೋಯಿತು. ಅದೂ ಸುಳ್ಳಾಗುತ್ತದೆ. ಹೊರಗೆ ಹಾಲೇಶನ ಬೈಕು ನಿಂತಿತು. ಎದ್ದು ಸಣ್ಣದನ್ನೂ ಬಿಗಿ ಮಾಡಿದೆ.

೨೯ ಏಪ್ರಿಲ್, ಮಂಗಳವಾರ

ಹಾಲೇಶ ಮೋಟರ್ ರಿಪೇರಿಯ ಖಾದರನನ್ನು ಕರೆಸಿದ. ಯಂತ್ರ ನೋಡಿ ಹೇಳು ಅಂತ. ಖಾದರ ಬೆಲ್ಟು ನೋಡಿದ, ಮೋಟರು ನೋಡಿದ, ಹಿಡಿಕೆ ಹಿಡಿದು ಅಲುಗಾಡಿಸಿದ. ಕಲ್ಲಿನ ಹಾಗಿದೆ, ಎಲ್ಲ ಸರಿ ಅಂದ. ಹಾಲೇಶ ಟೈಪು ಮಾಡಿಸಿ ತಂದ. ಯಂತ್ರದಲ್ಲಿ ದೋಷವಿಲ್ಲ. ಶಿಕ್ಷಕರು ಇಲ್ಲದಾಗ, ಮುಖದ ಗಾಜು ಧರಿಸದೆ, ಕಟ್ಟಿಗೆಯನ್ನು ಸರಿಯಾಗಿ ಬಿಗಿ ಮಾಡದೆ ಕಲಿಯುವವರು ತಾವಾಗಿ ಯಂತ್ರ ನಡೆಸಿದ್ದರಿಂದ ಪೆಟ್ಟಾಗಿದೆ. ಅವರ ಸ್ವಂತ ನಿರ್ಲಕ್ಷ್ಯ. ಖಾದರ ಸಹಿ ಮಾಡಿದ. ನಾನೂ.

ಅಂದಾನೆಪ್ಪ ಬಡಿಗೇರ. ಎಂಟು ಅಕ್ಷರ. ಒಂದೊಂದಾಗಿ ಬರೆದೆ.

೪ ಮೇ, ರವಿವಾರ

ಕ್ಲಾಸಿಲ್ಲ. ಪ್ರದರ್ಶನ ಆಗಲಿಲ್ಲ.

ಕಣ್ಣು ತೆಗೆದರಂತೆ.

ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ನನಗೆ ಜಾಗ ಬಿಟ್ಟು ಎದ್ದರು ಇಬ್ಬರು. ಅಂದಾನೆಪ್ಪ ಹೇಳಿದ್ದನ್ನು ಕೇಳಿದ್ದರೆ ಕಣ್ಣು ಉಳಿಯುತ್ತಿತ್ತು ಅಂತ ಮಾತಾಡಿಕೊಳ್ಳುತ್ತಾರೆ. ಹಳೆಯ ಕಾಲದವರ ಮಾತು ಸುಮ್ಮನೆ ಅಲ್ಲವಂತೆ. ಚಹಾ ಕುಡಿದು ಬಂದೆ.

೧೧ ಮೇ, ರವಿವಾರ

ರೋಣಕ್ಕೆ ಹೋದೆ. ಡಿಪೋದ ಹಿಂದಿನ ಓಣಿ, ಎರಡು ಖೋಲಿಯ ಬಾಡಿಗೆ ಮನೆ. ಅವನ ಹೆಂಡತಿ ದುರ್ಗಾ ಬಾಗಿಲು ತೆಗೆದಳು. ಒಳಗೆ ಅವನು ಗೋಡೆಗೆ ಒರಗಿ ಕೂತಿದ್ದ. ಎಡಗಡೆ ಹತ್ತಿ, ಪಟ್ಟಿ. ದವಡೆಗೂ ಹೊಲಿಗೆ. ನನ್ನನ್ನು ನೋಡಿ ಎದ್ದ, ಕಾಲು ಮುಟ್ಟಲು ಬಗ್ಗಿದ. ಅಂದಾಜು ತಪ್ಪಿ ಕೈ ನೆಲಕ್ಕೆ ಬಡಿಯಿತು. ನನ್ನ ಕಾಲು ಒಂದು ಗೇಣು ಆಚೆ ಇತ್ತು.

ಸ್ಟೇರಿಂಗ್ ಇನ್ನು ಸಿಗುವುದಿಲ್ಲವಂತೆ, ಅದು ಅವನಿಗೂ ಗೊತ್ತು. ಡಿಪೋದಲ್ಲಿ ಬೇರೆ ಕೆಲಸ ಕೊಡಬೇಕೋ, ಮನೆಗೆ ಕಳಿಸಬೇಕೋ ಅಂತ ಜೂನ್ ಹದಿನೆಂಟಕ್ಕೆ ಗದಗಿನಲ್ಲಿ ಅವರ ಮೇಲಿನವರು ಕೂತು ನೋಡುತ್ತಾರಂತೆ. ಕಣ್ಣು ಹೇಗೆ ಹೋಯಿತು ಅಂತ ಕ್ಲಾಸಿನವರ ಕಾಗದ ಕೇಳಿದ್ದಾರೆ. ಹಾಲೇಶ ಕೊಟ್ಟಿದ್ದಾನೆ. ಅದೇ ಕಾಗದ.

ಅವನು ಕಾಗದದ ಮೇಲೆ ಸಿಟ್ಟಾಗಿಲ್ಲ. ನಂಬಿದ್ದಾನೆ. ಅದನ್ನು ನೋಡಲಾಗಲಿಲ್ಲ ನನಗೆ. ಕೈಯನ್ನು ಗಾಳಿಯಲ್ಲಿ ಬಲಕ್ಕೆ ತಿರುವಿ ತೋರಿಸಿದ. ಮತ್ತೆ ಮತ್ತೆ.

"ಇಪ್ಪತ್ತನೇ ತಾರೀಖ ಹಿಂಗ ತಿರುವಿದ್ದು ನೆನಪೈತ್ರಿ ಕಾಕಾ. ಖರೇನ ತಿರುವಿದ್ನೋ, ತಿರುವೀನಿ ಅನಕೊಂಡ್ನೋ, ಈಗ ತಿಳೀವಲ್ದು. ಹದಿನಾರು ವರ್ಷ ಗಾಡಿ ಹೊಡದೀನಿ. ಒಂದ ದಿನ ಗಾಲಿ ನಟ್ಟ ನೋಡಲಾರದ ಹತ್ತಿಲ್ಲ. ಇದೊಂದು ಹ್ಯಾಂಗ ಬಿಟ್ನಿ?"

ದುರ್ಗಾ ಚಹಾ ತಂದಳು. ಕುಡಿದೆ. ಆರಾಮ ಆಗುತ್ತದೆ, ಧೈರ್ಯ ಇರಲಿ ಅಂದೆ. ಎದ್ದು ಬಂದೆ.

ಹೇಳಲಿಲ್ಲ. ಹೇಳಬೇಕು ಅಂತಲೇ ಹೋದವನು. ಮನೆಯ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ನಾಲಿಗೆ ತುದಿಗೆ ಬಂದಿತ್ತು. ಬಸ್ಸು ಬಂತು ಅಂತ ಓಡಿದೆ. ಬಸ್ಸು ಬಂದಿರಲಿಲ್ಲ.

೨೫ ಮೇ, ರವಿವಾರ

ಎರಡು ವಾರ ಬರೆಯಲಿಲ್ಲ. ಏನು ಬರೆಯುವುದು.

ನಾಳೆ ಮಧ್ಯಾಹ್ನ ಅಮಾವಾಸ್ಯೆ ಹತ್ತುತ್ತದೆ. ಹಿತ್ತಲಿನ ಕೋಣೆಯಲ್ಲಿ ನನ್ನ ಸಾಮಾನು. ಗರಗಸದ ಮುಂದೆ ನಿಂತೆ. ಹುರಿಗೆ ಕೈ ಹೋಗಲಿಲ್ಲ. ಹತ್ತರಿ ಹಾಗೇ ಇದೆ. ಯಾವುದಕ್ಕೂ ಉಸಿರು ಕೊಡಲಿಲ್ಲ.

ಕರೆವ್ವ ಬಾಗಿಲಲ್ಲಿ ನಿಂತು ನೋಡಿದಳು. ಮೈಯಲ್ಲಿ ಆರಾಮಿಲ್ಲವೇ ಅಂದಳು. ಆಗ ಹೇಳಿದೆ. ಎಲ್ಲ. ಸಡಿಲ ಮಾಡಿದ್ದು, ಕಟ್ಟಿಗೆ ಇಳಿಸದೆ ಬಿಟ್ಟದ್ದು, ಮರುದಿನ ಬಿಗಿ ಮಾಡಿದ್ದು, ಸಹಿ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಹಿಟ್ಟಿನ ಕೈ ಸೆರಗಿಗೆ ಒರಸಿಕೊಂಡಳು.

"ನನಗ್ಯಾಕ ಹೇಳತೀರಿ? ನನ್ನ ಕಣ್ಣ ಎರಡೂ ಅದಾವು."

ಒಳಗೆ ಹೋದಳು.

೧ ಜೂನ್, ರವಿವಾರ

ಹೇಳಿದೆ.

ಈ ಸಲ ಕೂರಲಿಲ್ಲ. ಹೊಸಿಲಲ್ಲೇ ನಿಂತು ಹೇಳಿದೆ. ಉಸಿರು ಕೊಡುವುದು ಅಂದರೆ ಏನು ಅಂತ ಮೊದಲು ಹೇಳಬೇಕಾಯಿತು, ಅವನಿಗೆ ಗೊತ್ತಿರಲಿಲ್ಲ. ಹೇಳುತ್ತ ಹೇಳುತ್ತ ನನಗೇ ಅದು ಹುಚ್ಚರ ಮಾತಿನ ಹಾಗೆ ಕೇಳಿಸಿತು. ಕಬ್ಬಿಣಕ್ಕೆ ಉಸಿರು.

ಅವನು ಕೇಳಿದ್ದು ಒಂದೇ.

"ಎಷ್ಟು ತಿರುವಿದ್ರಿ?"

"ಅರ್ಧ."

ಕೈ ಎತ್ತಿ ಗಾಳಿಯಲ್ಲಿ ಎಡಕ್ಕೆ ಅರ್ಧ ತಿರುವಿ ನೋಡಿದ.

"ಅಂದ್ರ ನಾ ಬಿಗಿ ಮಾಡಿದ್ದೆ."

"ಮಾಡಿದ್ದಿ."

ಅಂಗೈ ನೋಡಿಕೊಂಡ. ಮುಖ ಸಡಿಲಾಯಿತು. ನಗುತ್ತಾನೇನೋ ಅನ್ನಿಸಿತು. ಆಮೇಲೆ ಹೊಲಿಗೆ ಇದ್ದ ಕಡೆಯ ತುಟಿ ಅದುರಲು ಶುರುವಾಯಿತು.

ದುರ್ಗಾ ಒಲೆಯ ಹತ್ತಿರದಿಂದ ಎದ್ದು ಬಂದಳು. ದನಿ ಏರಿಸಲಿಲ್ಲ.

"ಕಣ್ಣ ಹೋದದ್ದು ದೈವ ಅಂತ ಸುಮ್ಮನಿದ್ದೆ. ಐದು ವಾರ ಈ ಮನಷ್ಯಾ ಊಟ ಬಿಟ್ಟು ತನ್ನ ಕೈ ತಾ ನೋಡಿಕೋತ ಕುಂತಾನ. ನೀವು ಗೊತ್ತಿದ್ದೂ ಬಂದು ಚಾ ಕುಡದ ಹೋದ್ರಿ."



ಕಾಲು ಹಿಡಿಯಲು ಬಗ್ಗಿದೆ. ದ್ಯಾಮೇಶ ಕಾಲು ಎಳೆದುಕೊಂಡ. ಬೇಡ ಅಂದ. ಬಾಯಲ್ಲಿ ಹೇಳಿದ್ದು ತನಗೆ ಸಾಕು, ಗದಗಿನವರಿಗೆ ಸಾಕಾಗುವುದಿಲ್ಲ ಅಂದ. ಅವರು ಕ್ಲಾಸಿನ ಸಿಕ್ಕಾ ಒತ್ತಿದ ಕಾಗದ ಮಾತ್ರ ನೋಡುತ್ತಾರಂತೆ. ಸ್ವಂತ ನಿರ್ಲಕ್ಷ್ಯ ಅಂತ ಇದ್ದರೆ, ನಟ್ಟು ನೋಡದವನನ್ನು ವರ್ಕ್‌ಶಾಪಿಗೆ ಹೇಗೆ ತಗೊಳ್ಳುವುದು ಅಂತ ಒಬ್ಬರು ಆಗಲೇ ಕೇಳಿದ್ದಾರಂತೆ.

"ಬರದ ಕೊಡ್ರಿ," ಅಂದ. ಕಾಕಾ ಅನ್ನಲಿಲ್ಲ.

೩ ಜೂನ್, ಮಂಗಳವಾರ

ಹಾಲೇಶನ ಹತ್ತಿರ ಹೋದೆ. ಶೆಡ್ಡಿಗೆ ಸುಣ್ಣ ಹೊಡೆಸುತ್ತಿದ್ದಾನೆ. ಜುಲೈಯಿಂದ ಹೊಸ ಬ್ಯಾಚು.

ಎಲ್ಲ ಕೇಳಿದ. ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಬಾಗಿಲು ಹಾಕಿ ಬಂದ. ಅಜ್ಜಾ, ನೀವು ಇದನ್ನು ಯಾರಿಗೂ ಹೇಳಿಲ್ಲ, ನಾನು ಕೇಳಿಲ್ಲ ಅಂದ. ದ್ಯಾಮೇಶನಿಗೆ ಹೇಳಿದ್ದೇನೆ ಅಂದೆ. ತಲೆಯ ಮೇಲೆ ಕೈ ಇಟ್ಟುಕೊಂಡ. ಹಳೆಯ ಕಾಗದ ತಪ್ಪು ಅಂತ ಬರೆದರೆ ಮೊದಲು ಕೇಸು ಬೀಳುವುದು ನಿಮ್ಮ ಮೇಲೆ, ಆಮೇಲೆ ನನ್ನ ಮೇಲೆ, ಶೆಡ್ಡು ಬಂದ್ ಅಂದ. ಕೇಸು ಹಾಕಲಿ ಅಂದೆ. ಅವನಿಗೆ ಸಿಟ್ಟು ಬಂತು.

"ಸಹಿ ಮಾಡುವಾಗ ಕೈ ಯಾರದಿತ್ರಿ? ಆವತ್ತ ಹೇಳಬೇಕಿತ್ತು. ಈಗ ಹೇಳಿದ್ರ ಆ ಡ್ರೈವರ ನಿಮ್ಮ ಕಡಿಂದ ಹೇಳಸ್ಯಾನ ಅಂತಾರ."

ಅದು ಖರೇ. ಅದಕ್ಕೇ ಸಿಟ್ಟು ಬಂತು ನನಗೂ. ನೋಡೂಣು ಅಂದು ಶೆಡ್ಡು ತೆಗೆದವನು ನೀನು ಅಂದೆ. ನೋಡೂಣು ಅಂದರೆ ಕ್ಲಾಸಿಲ್ಲ ಅಂತ ಅರ್ಥ ಅಂತ ಯಾರು ಹೇಳಿದರು ಅಂದ. ಸುಣ್ಣದವರು ಕಿಟಕಿಯಲ್ಲಿ ಇಣುಕಿದರು. ಹೊರಗೆ ಬಂದೆ. ಮುಂದಿನ ವಾರ ಮಾತಾಡೋಣ ಅಂತ ಹಿಂದಿನಿಂದ ಕೂಗಿದ.

೭ ಜೂನ್, ಶನಿವಾರ

ನಾಲ್ಕು ದಿನದಿಂದ ಬರೆಯುತ್ತಿದ್ದೇನೆ, ಹರಿಯುತ್ತಿದ್ದೇನೆ. ಈ ಪುಸ್ತಕದಲ್ಲಿ ಬಾಯಿಗೆ ಬಂದದ್ದು ಬರುತ್ತದೆ. ಕಾಗದ ಅಂದ ಕೂಡಲೇ ಕೈ ಕಟ್ಟುತ್ತದೆ. ಕಡೆಗೆ ರಮಾಬಾಯಿಯ ಮನೆಗೆ ಹೋದೆ. ಅಮಾವಾಸ್ಯೆಯ ಫೋನಿನ ನಂತರ ಅವರು ನನ್ನ ಜೊತೆ ಮಾತಾಡಿರಲಿಲ್ಲ.

ಹಾಳೆ ಓದಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಓದಿದರು. ಕೆಂಪು ಪೆನ್ನು ಕೈಯಲ್ಲಿತ್ತು, ತಪ್ಪು ತಿದ್ದಲಿಲ್ಲ.

ಆಮೇಲೆ ಅವರು ಒಂದು ಮಾತು ಹೇಳಿದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ, ಅದು ಮುಖ್ಯ ಅಂತ ತಿಳಿದಿರಲಿಲ್ಲವಂತೆ. ಆವತ್ತು ಗುಂಡಿ ಒತ್ತುವ ಮುಂಚೆ ಹಿಡಿಕೆ ಒಮ್ಮೆ ನೋಡಪ್ಪ ಅಂತ ಇವರೇ ದ್ಯಾಮೇಶನಿಗೆ ಅಂದಿದ್ದರಂತೆ. ಅವನು ಕೈ ಚಾಚಿದವನು ಹಿಂದಕ್ಕೆ ತಗೊಂಡನಂತೆ.

"ಏನಂದಾ ಗೊತ್ತೇನ್ರಿ? ಬ್ಯಾಡ ಬಿಡ್ರಿ ಟೀಚರ, ಹೋದವಾರ ಬಿಗಿ ಮಾಡೀನಿ, ಮತ್ತ ಮುಟ್ಟಿದ್ರ ಕಾಕಾ ಬೈತಾರ ಅಂದ."

ನೀರು ಕೊಟ್ಟರು. ಇದನ್ನೂ ಬರೀರಿ ಅಂದರು. ತಾನು ಸಾಕ್ಷಿ ಸಹಿ ಮಾಡುತ್ತೇನೆ, ಹದಿನೆಂಟಕ್ಕೆ ಗದಗಿಗೂ ಬರುತ್ತೇನೆ ಅಂದರು. ಬಿಗಿ ಅನ್ನುವುದಕ್ಕೆ ಯಾವ 'ಗ' ಅಂತ ಕೇಳಿದೆ. ಹೇಳಿಕೊಟ್ಟರು.

೮ ಜೂನ್, ರವಿವಾರ

ನಾಳೆ ರಿಜಿಸ್ಟರ್ ಪೋಸ್ಟಿಗೆ ಹಾಕುವುದು ಇದು. ನಕಲು ಇಲ್ಲಿ ಇರಲಿ, ಬರೆದಿಲ್ಲ ಅನ್ನಬಾರದು ಯಾರೂ.

ಹಾಲೇಶನಿಗೆ, ಅಂದಾನೆಪ್ಪ ಬಡಿಗೇರ, ನರೇಗಲ್, ಬರೆದದ್ದು.

೨೯ ಏಪ್ರಿಲ್‌ಗೆ ನಾನು ಸಹಿ ಮಾಡಿದ ಕಾಗದ ಸುಳ್ಳು. ದ್ಯಾಮೇಶ ಹಿಡಿಕೆ ಬಿಗಿ ಮಾಡಿದ್ದ. ಅದನ್ನು ೨೬ನೇ ತಾರೀಖು ಮಧ್ಯಾಹ್ನ ಸಡಿಲ ಮಾಡಿದವನು ನಾನು. ಕಟ್ಟಿಗೆ ಇಳಿಸಬೇಕಿತ್ತು, ಇಳಿಸಲಿಲ್ಲ. ಯಾರಿಗೂ ಹೇಳಲಿಲ್ಲ. ೨೮ಕ್ಕೆ ಬಂದು ಮತ್ತೆ ಬಿಗಿ ಮಾಡಿದವನೂ ನಾನೇ, ಅದಕ್ಕೇ ಖಾದರನಿಗೆ ಬಿಗಿ ಸಿಕ್ಕಿತು. ಒಮ್ಮೆ ಬಿಗಿ ಮಾಡಿದ್ದನ್ನು ಮತ್ತೆ ಮುಟ್ಟಬೇಡ ಅಂತ ಅವನಿಗೆ ಕಲಿಸಿದವನೂ ನಾನು. ಮುಖದ ಗಾಜು ಹಾಕಿಕೊಂಡರೆ ನಗಾಡಿದವನೂ ನಾನು. ಅವನು ಮಾಡಿದ ತಪ್ಪು ಒಂದೇ, ನಾನು ಹೇಳಿದ್ದು ಕೇಳಿದ. ರಮಾಬಾಯಿ ಅವರು ಸಾಕ್ಷಿ ಇದ್ದಾರೆ, ಕೆಳಗೆ ಅವರ ಸಹಿ ಇದೆ.

ಕೇಸು ನನ್ನ ಮೇಲೆ ಹಾಕಿಸು. ನಿನ್ನ ಹೊಸ ಬ್ಯಾಚಿಗೆ ನಾನು ಬರುವುದಿಲ್ಲ. ಕೀಲಿ ಇದರ ಜೊತೆ ಇದೆ.

ಮುಂದಿನ ವಾರ ಮಾತಾಡೋಣ ಅಂದಿದ್ದಿ. ಮಾತು ಬೇಡ. ನೋಡೂಣು ಅನ್ನಬೇಡ. ಹಳೆಯ ಕಾಗದ ಹಿಂದಕ್ಕೆ ತಗೊಂಡು ಇದಕ್ಕೆ ಸಿಕ್ಕಾ ಹಾಕಿ ಗದಗಿಗೆ ಕಳಿಸುತ್ತೀಯೋ ಇಲ್ಲವೋ. ಹೌದು ಅಥವಾ ಇಲ್ಲ, ಬರೆದು ತಿಳಿಸು. ಜೂನ್ ಹದಿನೈದು, ರವಿವಾರದ ಒಳಗೆ ಉತ್ತರ ಬೇಕು.